ಸೊಲ್ಲಾಪುರದಲ್ಲಿ ಅಪ್ಪನನ್ನು ವಾಕಿಂಗ್‌ಗೆ ಕರೆದೊಯ್ಯಲು ಯಾವ ಕೆರೆ ಒಳ್ಳೆಯದು?

ಅಕ್ಕಲಕೋಟ_ಮಗಳು

ಎಲ್ಲರಿಗೂ ಶರಣು. ನಾವು ಸೊಲ್ಲಾಪುರದಲ್ಲಿ ವಿಜಾಪುರ ರೋಡ್ ಕಡೆ ಇದ್ದೇವೆ. ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರೆದುಕೊಂಡು ಬಂದೆವು. ಎಂಟು ತಿಂಗಳಾಯಿತು. ಅಪ್ಪನಿಗೆ 71 ವರ್ಷ. ಶುಗರ್ ಇದೆ, ಎಡ ಮೊಣಕಾಲು ನೋಯುತ್ತದೆ. ಊರಲ್ಲಿ ಇದ್ದಾಗ ಬೆಳಗ್ಗೆ ಎದ್ದರೆ ಹೊಲಕ್ಕೆ ಹೋಗಿ, ಅಲ್ಲಿಂದ ಹಳ್ಳದ ದಂಡೆ ಹಿಡಿದು ಒಂದು ಸುತ್ತು ಹಾಕಿ, ಕಟ್ಟೆ ಮೇಲೆ ಕೂತು ನಾಲ್ಕು ಮಂದಿ ಜೊತೆ ಮಾತಾಡಿ, ಆಮೇಲೆ ಮನೆಗೆ ಬರುತ್ತಿದ್ದರು. ಇಲ್ಲಿ ಮೂರನೇ ಮಹಡಿಯಿಂದ ಕೆಳಗೇ ಇಳಿಯುವುದಿಲ್ಲ. ಡಾಕ್ಟರ್ ದಿನಾ ನಡೆಯಿರಿ ಎಂದಿದ್ದಾರೆ. ಅಪ್ಪ ಹಾಲ್‌ನಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾರೆ. ನೋಡಲಿಕ್ಕೆ ಆಗುವುದಿಲ್ಲ.

ಒಂದು ಸಲ ಹತ್ತಿರದ ಬಾಗಿಗೆ (ಉದ್ಯಾನಕ್ಕೆ) ಕರೆದುಕೊಂಡು ಹೋಗಿದ್ದೆ. ಸಣ್ಣ ಬಾಗು, ಗೋಲ ಗೋಲ ಸುತ್ತಬೇಕು, ಎಲ್ಲರೂ ಕಿವಿಗೆ ವೈರ್ ಹಾಕಿಕೊಂಡು ಜೋರಾಗಿ ನಡೆಯುತ್ತಿದ್ದರು. ಎರಡು ಸುತ್ತು ಆದ ಮೇಲೆ ಅಪ್ಪ ಕೇಳಿದರು: "ತಂಗಿ, ನಾವು ಎಲ್ಲಿಗೆ ಹೊಂಟೀವಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಬರುವುದಿಲ್ಲ ಎಂದರು.

ನೀರು ಇರುವ ಜಾಗ ಆದರೆ ಮನಸ್ಸು ಬದಲಾಗಬಹುದು ಅನಿಸುತ್ತದೆ. ಸಿದ್ಧೇಶ್ವರ ಕೆರೆ, ಕಂಬರ ತಲಾವ, ಇವೆರಡರಲ್ಲಿ ವಯಸ್ಸಾದವರಿಗೆ ಯಾವುದು ಅನುಕೂಲ? ನೆರಳು, ಕೂರುವ ಜಾಗ, ನಡೆಯುವ ದಾರಿ ಹೇಗಿದೆ? ಅಪ್ಪನಿಗೆ ಮರಾಠಿ ಅರ್ಥ ಆಗುತ್ತದೆ, ಮಾತಾಡಲು ಸಂಕೋಚ. ಕನ್ನಡ ಮಾತಾಡುವ ಹಿರಿಯರು ಸಿಗುವ ಜಾಗ ಇದ್ದರೆ ದಯವಿಟ್ಟು ತಿಳಿಸಿ.

ಗಿರಣಿ_ಭೋಂಗಾ

ತಂಗಿ, ನಾನು ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತ ಆದವನು. ವಯಸ್ಸು 68. ಗಿರಣಿ ಭೋಂಗಾ (ಸೈರನ್) ನಿಂತು ಎಷ್ಟೋ ವರ್ಷ ಆಯಿತು, ಆದರೆ ನನಗೆ ಇನ್ನೂ ಐದಕ್ಕೆ ಎಚ್ಚರ ಆಗುತ್ತದೆ. ಆರಕ್ಕೆ ಸಿದ್ಧೇಶ್ವರ ಕೆರೆ ಹತ್ತಿರ ಇರುತ್ತೇನೆ.

ನಿಮ್ಮ ಅಪ್ಪ ಕೇಳಿದ ಮಾತು ಸರಿಯಾಗಿದೆ. ನಮ್ಮ ಕಾಲದವರು ಸುಮ್ನೆ ನಡೆದವರಲ್ಲ. ಹೊಲಕ್ಕೆ ನಡೆದೆವು, ಸಂತೆಗೆ ನಡೆದೆವು, ಜಾತ್ರೆಗೆ ನಡೆದೆವು. ಎಲ್ಲಿಗೆ ಅಂತ ಗೊತ್ತಿದ್ದರೆ ಕಾಲು ತಾನೇ ಹೋಗುತ್ತದೆ. ಅದಕ್ಕೇ ಅವರನ್ನು ಮೊದಲು ಸಿದ್ಧೇಶ್ವರ ಕೆರೆಗೆ ಕರೆದುಕೊಂಡು ಬನ್ನಿ. ವಾಕಿಂಗ್‌ಗೆ ಅಂತ ಹೇಳಬೇಡಿ. ಸಿದ್ಧರಾಮನ ದರ್ಶನಕ್ಕೆ ಅಂತ ಹೇಳಿ.

ನಿಮಗೆ ಗೊತ್ತಿರಬಹುದು, ಆದರೂ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ದಿನಾ ನಡೆಯುವ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಇದು ಯಾರೋ ಸಾಹೇಬರು ಊರಿನ ಅಂದಕ್ಕೆ ಮಾಡಿಸಿದ ಕೆರೆ ಅಲ್ಲ. 12ನೇ ಶತಮಾನದಲ್ಲಿ ನಮ್ಮ ಸೊನ್ನಲಿಗೆ (ಸೊಲ್ಲಾಪುರದ ಹಳೆಯ ಹೆಸರು) ಸಿದ್ಧರಾಮ ಮಂದಿಯನ್ನು ಸೇರಿಸಿ ತೋಡಿಸಿದ ಕೆರೆ. ಅಲ್ಲಮಪ್ರಭು ಬಂದಾಗ ಕೆರೆ ಕೆಲಸ ನಡೆದಿತ್ತು ಎಂದು ಪುರಾಣ ಹೇಳುತ್ತದೆ. ಎಲ್ಲಿದ್ದಾನೆ ನಿಮ್ಮ ವಡ್ಡ (ಮಣ್ಣು ಅಗೆಯುವವ) ಅಂತ ಅಲ್ಲಮ ಕೇಳಿದ, ಕೆಲಸದ ಮಂದಿಗೆ ಸಿಟ್ಟು ಬಂದು ಕಲ್ಲು ಎಸೆದರು. ಆ ಕಥೆ ನಡೆದ ನೆಲದ ಮೇಲೆ ನಾವು ಚಪ್ಪಲಿ ಹಾಕಿಕೊಂಡು ವಾಕಿಂಗ್ ಮಾಡುತ್ತೇವೆ. ಈಗ ಗುಡಿ ಇರುವುದು ನೀರಿನ ನಡುವೆ. ಒಳಗೆ ಸಿದ್ಧರಾಮನ ಸಮಾಧಿ ಇದೆ. ಒಂದು ಕಡೆ ಬಹಮನಿ ಕಾಲದ ಭುಯಿಕೋಟ ಕಿಲ್ಲೆ, ಅದರ ಗೋಡೆ ನೀರಿಗೆ ಹತ್ತಿ ನಿಂತಿದೆ. ಕಿಲ್ಲೆಯ ಒಳಗೆ ಕಪಿಲಸಿದ್ಧ ಮಲ್ಲಿಕಾರ್ಜುನನ ಹಳೆಯ ಗುಡಿಯ ಅವಶೇಷ ಇದೆ. ಸಿದ್ಧರಾಮನ ವಚನದ ಕೊನೆಗೆ ಬರುವ ಹೆಸರು ಅದೇ ಅಲ್ವಾ. ನಿಮ್ಮ ಅಪ್ಪನಿಗೆ ನಾಲ್ಕು ವಚನ ಬಾಯಿಗೆ ಬರುತ್ತಿದ್ದರೆ, ಆ ಗುಡಿ ಮುಂದೆ ನಿಲ್ಲಿಸಿ ನೋಡಿ.

ಕನ್ನಡದ ಮಂದಿ ಬೇಕೆಂದರೆ ಸೋಮವಾರ ಬನ್ನಿ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಇಂಡಿ ಕಡೆಯವರು ಬರುತ್ತಾರೆ. ಗುಡಿಯ ಕಟ್ಟೆ ಮೇಲೆ ಕೂತರೆ ಐದು ನಿಮಿಷದಲ್ಲಿ ಯಾರಾದರೂ "ಯಾವೂರ್ರೀ" ಅಂತ ಕೇಳೇ ಕೇಳುತ್ತಾರೆ.

ಗುಳುಮುಳಕ

ಗಿರಣಿ ಕಾಕಾ ಹೇಳಿದ್ದು ಒಪ್ಪುತ್ತೇನೆ, ದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ದಿನಾ ನಡೆಯಲು ಅಂದರೆ ನನ್ನ ಮತ ಕಂಬರ ತಲಾವಿಗೆ. ಈಗ ಸಂಭಾಜಿ ತಲಾವ ಎನ್ನುತ್ತಾರೆ, ಹಳಬರಿಗೆ ಕಂಬರ ತಲಾವವೇ. ನೀವು ಇರುವುದೇ ವಿಜಾಪುರ ರೋಡ್. ದಿನಾ ಹೋಗುವ ಜಾಗ ಮನೆಗೆ ಹತ್ತಿರ ಇರಬೇಕು. ಬೆಳಗ್ಗೆ ಊರ ನಡುವಿನ ತನಕ ರಿಕ್ಷಾ ಹಿಡಿದು ಹೋಗುವುದು ಮೊದಲ ವಾರ ಸರಿ, ಎರಡನೇ ವಾರಕ್ಕೆ ನಿಂತು ಹೋಗುತ್ತದೆ. ಇದನ್ನು ನಮ್ಮ ಮಾವನ ವಿಷಯದಲ್ಲಿ ನೋಡಿದ್ದೇನೆ.

ಇನ್ನೊಂದು ಕಾರಣ ಹಕ್ಕಿ. ನೀವು ಕೇಳಿದ ಸಮಯ ಚೆನ್ನಾಗಿದೆ. ಈಗ ಚಳಿ ಶುರುವಾಗಿದೆ, ಹೊರಗಿನ ಹಕ್ಕಿಗಳು ಬರುವ ಕಾಲ. ದಂಡೆ ಮೇಲೆ ಹತ್ತು ನಿಮಿಷ ಅಲುಗಾಡದೆ ಕೂತರೆ ಸಾಕು, ಬೆಳ್ಳಕ್ಕಿ, ನೀರುಕಾಗೆ, ನಾಮದ ಕೋಳಿ ಕಾಣುತ್ತವೆ. ಗುಳುಮುಳಕ ಅಂತ ಸಣ್ಣ ಹಕ್ಕಿ ಇದೆ, ಮುಳುಗಿದರೆ ಎಲ್ಲಿ ಏಳುತ್ತದೋ ಹೇಳಲಾಗದು. ಹೊಲದಲ್ಲಿ ಬದುಕಿದವರ ಕಣ್ಣು ನಮಗಿಂತ ಚುರುಕು. ಅಪ್ಪನ ಕೈಗೆ ಒಂದು ದುರ್ಬೀನು ಕೊಟ್ಟು ನೋಡಿ, ಸುತ್ತು ಎಣಿಸುವ ಕೆಲಸವೇ ಇರುವುದಿಲ್ಲ.

ಒಂದು ವಿಷಯ ಮಾತ್ರ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದು ನನಗೆ ಬಹಳ ನೋವಿನ ವಿಷಯ. ಈ ಕೆರೆಗಳಲ್ಲಿ ಆಗಾಗ ಜಲಪರ್ಣಿ ಅಂತ ನೀರಿನ ಮೇಲೆ ತೇಲುವ ಕಳೆ ತುಂಬುತ್ತದೆ. ನೋಡಲು ಹಸಿರು ಹಾಸಿಗೆ ಹಾಗೆ ಇರುತ್ತದೆ, ನೀಲಿ ಹೂವು ಬಿಡುತ್ತದೆ, ಮಂದಿ ಫೋಟೋ ತೆಗೆಯುತ್ತಾರೆ. ಅದು ತುಂಬಿದೆ ಅಂದರೆ ಕೆರೆಗೆ ಎಲ್ಲಿಂದಲೋ ಗಟಾರ ನೀರು ಬರುತ್ತಿದೆ ಎಂದು ತಿಳಿಯಬೇಕು. ಹೊಲಸು ನೀರು ಆ ಗಿಡಕ್ಕೆ ಗೊಬ್ಬರ ಇದ್ದಂತೆ. ಗಿಡ ನೀರಿನ ಮೇಲೆ ಹೊದಿಕೆ ಹಾಕಿದರೆ ಬಿಸಿಲು ಒಳಗೆ ಹೋಗುವುದಿಲ್ಲ, ಗಾಳಿಯೂ ಸರಿಯಾಗಿ ಬೆರೆಯುವುದಿಲ್ಲ. ರಾತ್ರಿ ನೀರಲ್ಲಿ ಇರುವ ಗಿಡ, ಪಾಚಿ, ಮೀನು ಎಲ್ಲವೂ ಉಸಿರಾಡುತ್ತವೆ, ಹೊಸ ಆಮ್ಲಜನಕ ಹುಟ್ಟುವುದಿಲ್ಲ. ಹಾಗಾಗಿ ಬೆಳಗಿನ ಜಾವಕ್ಕೆ ನೀರಲ್ಲಿ ಆಮ್ಲಜನಕ ತೀರ ಕಡಿಮೆ. ಸರಿಯಾಗಿ ನಾವು ವಾಕಿಂಗ್‌ಗೆ ಬರುವ ಹೊತ್ತು ಅದು. ಮೀನು ಮೇಲೆ ಬಂದು ಬಾಯಿ ತೆರೆದು ನಿಂತಿರುತ್ತವೆ. ಪಾಪ, ಹಸಿದಿವೆ ಎಂದು ಮಂದಿ ಹಿಟ್ಟಿನ ಉಂಡೆ, ಚುರುಮುರಿ, ಬ್ರೆಡ್ ಎಸೆಯುತ್ತಾರೆ. ಅವು ಹಸಿದಿರುವುದಲ್ಲ. ಅವುಗಳಿಗೆ ಉಸಿರು ಕಟ್ಟಿರುತ್ತದೆ. ನಾವು ಎಸೆದ ಹಿಟ್ಟು ಕೊಳೆತು ಇನ್ನಷ್ಟು ಆಮ್ಲಜನಕ ತಿನ್ನುತ್ತದೆ. ದಯವಿಟ್ಟು ಮೀನಿಗೆ ಏನೂ ಹಾಕಬೇಡಿ, ಹಾಕುವವರಿಗೂ ಸಮಾಧಾನದಿಂದ ಹೇಳಿ.

ಬಾಳಿವೇಸ್_ಹುಡುಗ

ಸಿದ್ಧೇಶ್ವರ ಕೆರೆ ಬಗ್ಗೆ ಇಷ್ಟು ಹೊಗಳುತ್ತಿದ್ದೀರಿ, ಒಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ವಾಸನೆ ಬರುತ್ತದೆ. ನಮ್ಮ ಕಾಕೂಗೆ ದಮ್ಮು ಇದೆ, ಅವರು ಎರಡು ದಿನ ಬಂದು ಬಿಟ್ಟರು. ಹಬ್ಬ ಆದ ಮೇಲೆ ದಂಡೆಯಲ್ಲಿ ನಿರ್ಮಾಲ್ಯ, ಪ್ಲಾಸ್ಟಿಕ್ ಚೀಲ ಬಿದ್ದಿರುತ್ತವೆ. ಭಕ್ತಿ ಇದೆ ಎನ್ನುವವರೇ ಹಾಕಿದ್ದು.

ಗಿರಣಿ_ಭೋಂಗಾ

ತಮ್ಮಾ, ನೀನು ಹೇಳಿದ್ದು ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆಗ ನಾನೂ ನೀರಿನ ಪಕ್ಕ ಜಾಸ್ತಿ ಹೊತ್ತು ಇರುವುದಿಲ್ಲ, ಹುತಾತ್ಮಾ ಬಾಗಿಗೆ ಹೋಗಿ ಮರದ ಕೆಳಗೆ ಕೂರುತ್ತೇನೆ. 1931ರ ಜನವರಿ 12ರಂದು ಗಲ್ಲಿಗೇರಿದ ನಮ್ಮ ಊರಿನ ನಾಲ್ಕು ಮಂದಿಯ ನೆನಪಿನ ಬಾಗು ಅದು, ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಕೂತಾಗ ಮೊಮ್ಮಕ್ಕಳಿಗೆ ಆ ಹೆಸರು ಹೇಳಿಸುತ್ತೇನೆ.

ನಿರ್ಮಾಲ್ಯದ ಮಾತು ನನಗೂ ಚುಚ್ಚುತ್ತದೆ. ನೀರು ಹಿಡಿಯುವುದೇ ಪೂಜೆ ಎಂದುಕೊಂಡವನ ಕೆರೆಗೆ ಕಸ ಹಾಕಿ ಕೈ ಮುಗಿಯುತ್ತೇವೆ. ನಾನು ಮನೆಯ ಹೂವು, ಪತ್ರಿ ಎಲ್ಲ ತುಳಸಿ ಕುಂಡದ ಮಣ್ಣಿಗೆ ಹಾಕಲು ಶುರು ಮಾಡಿ ನಾಲ್ಕು ವರ್ಷ ಆಯಿತು. ದೇವರೇನೂ ಬೇಡ ಅಂದಿಲ್ಲ.

ಜತ್ತ_ಫಿಜಿಯೋ

ನಾನು ಜತ್ತ ತಾಲೂಕಿನವಳು, ಫಿಜಿಯೋಥೆರಪಿ ಕೆಲಸ. ಜಾಗದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಕಾಲಿನ ಬಗ್ಗೆ ಬರೆಯುತ್ತೇನೆ.

ಅಕ್ಕಾ, ಮೊಣಕಾಲು ನೋವಿದ್ದವರಿಗೆ ಕೆರೆ ಚಂದ ಇದೆಯಾ ಎನ್ನುವುದಕ್ಕಿಂತ ನೆಲ ಹೇಗಿದೆ ಎನ್ನುವುದು ಮುಖ್ಯ. ಸಮ ಇರುವ ಗಟ್ಟಿ ಮಣ್ಣಿನ ದಾರಿ ಸಿಕ್ಕರೆ ಬಹಳ ಒಳ್ಳೆಯದು. ಸಿಮೆಂಟ್ ಬ್ಲಾಕ್ ಹಾಕಿದ ದಾರಿ ಆದರೆ ಮೊದಲು ನೀವೊಬ್ಬರೇ ಹೋಗಿ ನಡೆದು ನೋಡಿ. ಒಂದು ಊರಿನ ಉದ್ಯಾನದಲ್ಲಿ ಬೇರು ಎತ್ತಿದ ಬ್ಲಾಕಿಗೆ ಎಡವಿ ನಮ್ಮ ಅವ್ವ ಮಣಿಕಟ್ಟು ಮುರಿದುಕೊಂಡಳು. ಅಂದಿನಿಂದ ನಾನು ಮೊದಲು ನೋಡುವುದು ನೆಲ. ಆಮೇಲೆ ಬಾಕಡಾ (ಕೂರುವ ಬೆಂಚು) ಎಷ್ಟು ದೂರಕ್ಕೆ ಒಂದು ಇವೆ ಅಂತ. ಆಮೇಲೆ ಶೌಚಾಲಯ. ಶುಗರ್ ಇದ್ದವರಿಗೆ ಅದು ದೊಡ್ಡ ಚಿಂತೆ. ಹತ್ತಿರ ಇಲ್ಲ ಎಂದು ಗೊತ್ತಾದರೆ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಕಾರಣ ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ.

ಎಷ್ಟು ನಡೆಯಬೇಕು ಎಂದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಮಧ್ಯಮ ವೇಗ. ಅದನ್ನು ಮೊದಲ ದಿನವೇ ಹಿಡಿಯಬೇಡಿ. ಹತ್ತು ನಿಮಿಷದಿಂದ ಶುರು ಮಾಡಿ. ವೇಗ ಸರಿಯಾಗಿದೆಯಾ ನೋಡಲು ಸುಲಭ ದಾರಿ ಇದೆ: ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡು ಹೇಳುವಷ್ಟು ಉಸಿರು ಇದ್ದರೆ ಸ್ವಲ್ಪ ಜೋರು ಮಾಡಬಹುದು, ಮಾತೇ ಬರದಿದ್ದರೆ ನಿಲ್ಲಬೇಕು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನ ನಡೆದರೂ ಶುಗರ್‌ಗೆ ಒಳ್ಳೆಯದು. ಗುಳಿಗೆ ತಗೊಂಡು ಖಾಲಿ ಹೊಟ್ಟೆಯಲ್ಲಿ ನಡೆಸಬೇಡಿ. ಜೇಬಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ, ಬೆವರು ಬಂದು ಕೈ ನಡುಗಿದರೆ ಕೂಡಲೇ ಬಾಯಿಗೆ ಹಾಕಬೇಕು. ದರ್ಶನಕ್ಕೆ ಚಪ್ಪಲಿ ಬಿಟ್ಟು ಬಂದ ಮೇಲೆ ಪಾದ ನೋಡಿ, ಮುಳ್ಳು ಚುಚ್ಚಿದರೂ ಶುಗರ್ ಇರುವವರಿಗೆ ಕೆಲವು ಸಲ ಗೊತ್ತಾಗುವುದಿಲ್ಲ. ಎದೆ ಬಿಗಿದರೆ, ತಲೆ ಸುತ್ತಿದರೆ ನಾಳೆ ನೋಡೋಣ ಎನ್ನಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ಅಕ್ಕಲಕೋಟ_ಮಗಳು

ಇಷ್ಟು ಪ್ರೀತಿಯಿಂದ ಬರೆದಿರಿ, ಎಲ್ಲರಿಗೂ ಶರಣು. ಶೌಚಾಲಯದ ಮಾತು ಓದಿ ಗಾಬರಿ ಆಯಿತು. ಅಪ್ಪ ಹೊರಗೆ ಬರಲು ಒಲ್ಲೆ ಎನ್ನುವುದಕ್ಕೆ ಅದೂ ಕಾರಣ ಇರಬಹುದು, ನನಗೆ ಹೊಳೆದೇ ಇರಲಿಲ್ಲ. ಮಕ್ಕಳು ಮುತ್ಯಾನ ಜೊತೆ ಎಲ್ಲಾದರೂ ದೂರ ಹೋಗೋಣ ಎನ್ನುತ್ತಿದ್ದಾರೆ. ಭಾನುವಾರ ಒಂದೇ ದಿನದಲ್ಲಿ ಹೋಗಿ ಬರುವಂಥ ಕೆರೆ, ಬಾಗು ಇವೆಯಾ?

ಇಂಡಿ_ಪ್ಯಾಸೆಂಜರ್

ವಿಜಯಪುರಕ್ಕೆ ಬನ್ನಿ. ಸೊಲ್ಲಾಪುರದಿಂದ ಸುಮಾರು 100 ಕಿಲೋಮೀಟರ್. ಕಾರಿಗಿಂತ ರೈಲು ಒಳ್ಳೆಯದು. ಹೋಟಗಿ ದಾಟಿ, ಭೀಮಾ ನದಿ ದಾಟಿ, ಇಂಡಿ ಮೇಲೆ ಬರುತ್ತದೆ. ಅಪ್ಪನಿಗೆ ಕಿಟಕಿ ಪಕ್ಕ ಕೂರಿಸಿ, ಎರಡೂ ಕಡೆ ಬಿಳಿಜೋಳ, ಕಡಲೆ, ತೊಗರಿ. ಯಾರ ಹೊಲ ಚೆನ್ನಾಗಿದೆ, ಯಾರು ಕಳೆ ತೆಗೆದಿಲ್ಲ ಎಂದು ಹೇಳುತ್ತಲೇ ಬರುತ್ತಾರೆ.

ಇಲ್ಲಿ ಗೋಲಗುಮ್ಮಟದ ಸುತ್ತ ದೊಡ್ಡ ಹುಲ್ಲುಹಾಸು ಇದೆ, ಮೇಲೆ ಹತ್ತುವುದು ಮಾತ್ರ ಮೊಣಕಾಲಿಗೆ ಬೇಡ, ಮಕ್ಕಳು ಹತ್ತಿ ಬರಲಿ. ಆಮೇಲೆ ಬೇಗಂ ತಲಾಬ್. ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ 1651ರಲ್ಲಿ ಕಟ್ಟಿದ ಕೆರೆ. ಅಲ್ಲಿಂದ ನೆಲದ ಒಳಗೆ ಮಣ್ಣಿನ ಕೊಳವೆ ಹಾಕಿ ಊರಿಗೆ ನೀರು ತರುತ್ತಿದ್ದರು. ನೀರಿನ ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಾರದು, ಕೆಸರೂ ಕೆಳಗೆ ಕೂರಬೇಕು ಎಂದು ನಡುನಡುವೆ ಗೋಪುರ ಕಟ್ಟಿದರು, ಗಂಜ್ ಎನ್ನುತ್ತಾರೆ. ಊರೊಳಗೆ ಕೆಲವು ಈಗಲೂ ನಿಂತಿವೆ. ಹೊಲಕ್ಕೆ ಪೈಪ್‌ಲೈನ್ ಹಾಕಿಸಿದ ರೈತನಿಗೆ ಈ ಲೆಕ್ಕ ಒಂದೇ ಮಾತಿಗೆ ಅರ್ಥ ಆಗುತ್ತದೆ, ಹೇಳಿ ನೋಡಿ.

ಬುತ್ತಿ ಕಟ್ಟಿಕೊಂಡು ಬನ್ನಿ. ಕಟಕ ರೊಟ್ಟಿ, ನಿಮ್ಮ ಸೊಲ್ಲಾಪುರದ ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ. ಕಸದ ಚೀಲ ಒಂದು ಜೊತೆಗೆ ಇರಲಿ.

ಜತ್ತ_ಫಿಜಿಯೋ

ಕೊಲ್ಹಾಪುರದ ರಂಕಾಳಾ ಕೆರೆ ಕೂಡ ಚೆನ್ನಾಗಿದೆ, ಶಾಲಿನಿ ಅರಮನೆ ಕಡೆ ಸಂಜೆ ನಡೆಯುವುದು ನನಗೆ ಬಹಳ ಇಷ್ಟ. ಆದರೆ ಸೊಲ್ಲಾಪುರದಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಹಿರಿಯರಿಗೆ ಆಯಾಸ. ಒಂದು ರಾತ್ರಿ ಉಳಿಯುವುದಾದರೆ ಮಾತ್ರ ಹೋಗಿ.

ಗುಳುಮುಳಕ

ಮಕ್ಕಳಿದ್ದರೆ ತುಳಜಾಪುರ ರೋಡಿನ ಹಿಪ್ಪರಗಾ ಕೆರೆ ತೋರಿಸಿ, ಬ್ರಿಟಿಷರ ಕಾಲದ್ದು, ದೊಡ್ಡ ನೀರು. ಅದು ಬಾಗು ಅಲ್ಲ, ಸೌಕರ್ಯ ಬಯಸಬೇಡಿ. ನೆರಳು ಕಡಿಮೆ. ಬೆಳಗ್ಗೆ ಹೋಗಿ ಒಂಬತ್ತರ ಒಳಗೆ ಬಂದುಬಿಡಿ. ಮಕ್ಕಳನ್ನು ನೀರಿಗೆ ಇಳಿಯಲು ಬಿಡಬೇಡಿ.

ಗಿರಣಿ_ಭೋಂಗಾ

ಇನ್ನೊಂದು ಮಾತು ನೆನಪಾಯಿತು. ನಡೆಯುವ ದಾರಿ, ಟ್ರ್ಯಾಕ್ ಅಂತ ಈಗ ಹೇಳುತ್ತೇವೆ. ನಮ್ಮ ಊರಿಗೆ ಅದು ಹೊಸದಲ್ಲ. ಸಿದ್ಧರಾಮ ಊರ ಸುತ್ತ 68 ಲಿಂಗ ಸ್ಥಾಪಿಸಿದ. ಸಂಕ್ರಾಂತಿ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜ ಹೊತ್ತು ಆ 68 ಲಿಂಗಕ್ಕೂ ಎಣ್ಣೆ ಮಜ್ಜನ ಮಾಡಿಸಿ ಬರುತ್ತಾರೆ, ಬರಿಗಾಲಲ್ಲಿ, ಬಿಳಿ ಬಟ್ಟೆಯಲ್ಲಿ. ಮರುದಿನ ಕೆರೆ ದಂಡೆಯ ಸಂಮತಿ ಕಟ್ಟೆ ಹತ್ತಿರ ಅಕ್ಷತೆ. ಊರಿಗೆ ಊರೇ ನಡೆಯುತ್ತದೆ. ಮೊಣಕಾಲು ನೋವಿದ್ದವರು ಪೂರ್ತಿ ನಡೆಯಬೇಕಾಗಿಲ್ಲ, ಒಂದು ದಿನಕ್ಕೆ ಒಂದು ಲಿಂಗ ಹುಡುಕಿಕೊಂಡು ಹೋಗಬಹುದು. ಕೆಲವು ಗಲ್ಲಿಯೊಳಗೆ ಇವೆ, ಕೆಲವು ಅಂಗಡಿಗಳ ಸಂದಿಯಲ್ಲಿ. ನಾನು ನಿವೃತ್ತಿ ಆದ ವರ್ಷ ಹಾಗೇ ಮಾಡಿದೆ. ಯಾವ ದಿನವೂ ಬೇಜಾರು ಅನಿಸಲಿಲ್ಲ.

ಅಕ್ಕಲಕೋಟ_ಮಗಳು

ಮೂರು ವಾರ ಆಯಿತು, ಏನಾಯಿತು ಎಂದು ಬರೆಯುತ್ತಿದ್ದೇನೆ.

ಗಿರಣಿ ಕಾಕಾ ಹೇಳಿದಂತೆ ಸೋಮವಾರ ಸಿದ್ಧೇಶ್ವರ ಗುಡಿಗೆ ಕರೆದುಕೊಂಡು ಹೋದೆ. ದರ್ಶನ ಆದ ಮೇಲೆ ಅಪ್ಪ ಕಟ್ಟೆ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ವಳಸಂಗದ ಕಡೆಯ ಒಬ್ಬರು ಕೂತಿದ್ದರು. "ಯಾವೂರ್ರೀ" ಎಂದರು. ಕಾಕಾ, ನೀವು ಬರೆದ ಮಾತು ಅಕ್ಷರಕ್ಕೆ ಅಕ್ಷರ. ಮಳೆ, ಜೋಳ, ಅವರ ಬೀಗರ ಊರು, ನಮ್ಮ ಅವ್ವ ಹೋದದ್ದು, ಎಲ್ಲ ಮಾತಾಡಿದರು. ಅವ್ವನ ಬಗ್ಗೆ ಅಪ್ಪ ಹೊರಗಿನವರ ಹತ್ತಿರ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಒಂದೂವರೆ ತಾಸು ಆಯಿತು, ನಾನು ಎಬ್ಬಿಸಲಿಲ್ಲ, ಆ ದಿನ ಆಫೀಸಿಗೆ ತಡವಾಗಿ ಹೋದೆ.

ಈಗ ಸೋಮವಾರ ಅಲ್ಲಿಗೆ, ಉಳಿದ ದಿನ ಕಂಬರ ತಲಾವಿಗೆ. ಮೊದಲು ನಾನೊಬ್ಬಳೇ ಹೋಗಿ ನೆಲ ನೋಡಿ ಬಂದೆ. ಅಪ್ಪ ಹದಿನೈದು ನಿಮಿಷ ನಡೆದು, ಒಂದು ಬಾಕಡಾ ಮೇಲೆ ಕೂತು, ಮತ್ತೆ ಹತ್ತು ನಿಮಿಷ ನಡೆಯುತ್ತಾರೆ. ಮನೆಯಿಂದ ಹೊರಡುವ ಮೊದಲು ಶೌಚಾಲಯದ ವಿಷಯ ನಾನೇ ಎತ್ತುತ್ತೇನೆ, ಅವರು ಕೇಳುವ ತನಕ ಕಾಯುವುದಿಲ್ಲ. ನೀರಿನ ಬಾಟಲಿ ಈಗ ಖಾಲಿ ಆಗಿ ಬರುತ್ತಿದೆ.

ದುರ್ಬೀನು ಮಗನ ಹಳೆಯದು ಇತ್ತು, ಕೊಟ್ಟೆ. ನಾಮದ ಕೋಳಿ ನೋಡಿ ಅಪ್ಪ, "ಮೈ ಕರ್ರಗ, ಹಣಿ ಮ್ಯಾಲ ವಿಭೂತಿ, ಇದು ನಮ್ಮ ಮಂದಿ" ಎಂದರು. ಈಗ ಮನೆಯಲ್ಲಿ ಎಲ್ಲರೂ ಅದನ್ನು ವಿಭೂತಿ ಕೋಳಿ ಎಂದೇ ಕರೆಯುತ್ತೇವೆ. ಮೊನ್ನೆ ಒಬ್ಬ ಹುಡುಗ ಮೀನಿಗೆ ಬ್ರೆಡ್ ಹಾಕುತ್ತಿದ್ದ. ಅಪ್ಪ ಎದ್ದು ಹೋಗಿ ಅವನಿಗೆ ಮರಾಠಿಯಲ್ಲಿ ಹೇಳಿದರು, ತಡವರಿಸುತ್ತಾ, ಆದರೆ ಪೂರ್ತಿ ಹೇಳಿದರು. ಹುಡುಗ ಬ್ರೆಡ್ ಚೀಲದಲ್ಲಿ ಇಟ್ಟುಕೊಂಡ.

ವಿಜಯಪುರಕ್ಕೆ ಮುಂದಿನ ಭಾನುವಾರ ಹೋಗುತ್ತೇವೆ, ಬೇಗಂ ತಲಾಬಿನ ಕೊಳವೆ ಎಷ್ಟು ಇಂಚಿನದ್ದು ಎಂದು ಅಪ್ಪ ಈಗಲೇ ಕೇಳುತ್ತಿದ್ದಾರೆ, ಇಂಡಿ_ಪ್ಯಾಸೆಂಜರ್ ಅವರಿಗೆ ಗೊತ್ತಿದ್ದರೆ ಬರೆಯಿರಿ. ಗಿರಣಿ ಕಾಕಾ, ಅಪ್ಪನಿಗೆ ನಿಮ್ಮನ್ನು ನೋಡಬೇಕಂತೆ. 68 ಲಿಂಗದ ದಾರಿ ಎಲ್ಲಿಂದ ಶುರು ಮಾಡುವುದು ಎಂದು ಕೇಳಬೇಕಂತೆ. ಈ ಸೋಮವಾರ ಆರೂವರೆಗೆ ಗುಡಿಯ ಕಟ್ಟೆ ಹತ್ತಿರ ಇರುತ್ತೇವೆ. ಅಪ್ಪ ಹಳದಿ ಪಟಗಾ ಸುತ್ತಿರುತ್ತಾರೆ.

ಗಿರಣಿ_ಭೋಂಗಾ

ಬರುತ್ತೇನೆ ತಂಗಿ. ಚಹಾದ ಥರ್ಮಾಸ್ ತರುತ್ತೇನೆ, ಅಪ್ಪನಿಗೆ ಸಕ್ಕರೆ ಇಲ್ಲದ್ದು ಬೇರೆ ಹಾಕಿಸುತ್ತೇನೆ.